ಮೇಲೆ ಕೈ ಕುಲುಕಿದರೂ ಕೆಳಗೆ ಯಾಕೆ ರಾಜಿಯಾಗುವುದಿಲ್ಲ?

ವಿದ್ಯಾರಣ್ಯಪುರಂ ಕಡೆಯವರಿಗೆ ಸೂಯೇಜ್ ಫಾರಂ ಕಸದ ವಿಚಾರ ಹೊಸದಾಗಿ ಹೇಳಬೇಕಾಗಿಲ್ಲ. ಮೈಸೂರಿನ ಬಡಾವಣೆಗಳ ಕಸ ವರ್ಷಗಟ್ಟಲೆ ಬಂದು ಗುಡ್ಡೆಯಾದದ್ದು ಇಲ್ಲಿ. ಗಾಳಿ ಇತ್ತ ಬೀಸಿದಾಗ ಕಿಟಕಿ ಮುಚ್ಚಿಕೊಳ್ಳುವವರು ನಾವು. ಇದನ್ನು ಸರಿಪಡಿಸಬಾರದು ಎಂದು ಹೇಳಿದ ಪಕ್ಷ ಒಂದೂ ಇಲ್ಲ. ಹಾಗಿದ್ದರೆ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂವರೂ ಒಟ್ಟಿಗೆ ಕೂತು ಮುಗಿಸಬಹುದಲ್ಲ ಎಂದು ನಿಮಗೆ ಅನ್ನಿಸಿರಬಹುದು. "ಅವರಿಗೆ ಮನಸ್ಸಿಲ್ಲ" ಎಂಬ ಉತ್ತರ ಬೇಗ ಸಿಗುತ್ತದೆ. ಅದು ಪೂರ್ತಿ ಉತ್ತರವಲ್ಲ. ಮನಸ್ಸಿರುವವರೂ ರಾಜಿಗೆ ಹೋಗಿ ಕೈ ಸುಟ್ಟುಕೊಳ್ಳುವ ಹಾಗೆ ನಮ್ಮ ವ್ಯವಸ್ಥೆ ಇದೆ. ಅದು ಹೇಗೆ ಎಂದು ನಮ್ಮ ಊರಿನ ಉದಾಹರಣೆಗಳಲ್ಲೇ ನೋಡೋಣ.

ಪಕ್ಷಗಳ ನಡುವಿನ ರಾಜಿಯಲ್ಲಿ ಎರಡು ಬಗೆ. ಒಂದು ಅಧಿಕಾರದ ರಾಜಿ. ಯಾರಿಗೂ ಬಹುಮತ ಬಾರದಿದ್ದಾಗ ಇಬ್ಬರು ಸೇರಿ ಕುರ್ಚಿ ಹಂಚಿಕೊಳ್ಳುತ್ತಾರೆ. ಇದಕ್ಕೆ ಮೈತ್ರಿ ಎನ್ನುತ್ತೇವೆ. ಇನ್ನೊಂದು ಕೆಲಸದ ರಾಜಿ. ಕುರ್ಚಿ ಯಾರದೇ ಇರಲಿ, ಒಂದು ಚರಂಡಿಗೋ ಒಂದು ಮಸೂದೆಗೋ ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಒಪ್ಪುವುದು. ಪತ್ರಿಕೆಯ ಮುಖಪುಟ ತುಂಬುವುದು ಮೊದಲನೆಯದು. ನಿಮಗೆ ನನಗೆ ಬೇಕಾದದ್ದು ಎರಡನೆಯದು. ಆದರೆ ಮೊದಲನೆಯದು ಮುರಿದಾಗ ಉಳಿಯುವ ಕಹಿ ಎರಡನೆಯದನ್ನೂ ಕೆಡಿಸುತ್ತದೆ.

ಅಧಿಕಾರದ ರಾಜಿಯ ಲೆಕ್ಕ ಸುಲಭ. ವಿಧಾನಸಭೆಯಲ್ಲಿ 224 ಸ್ಥಾನ. ಸರ್ಕಾರ ಮಾಡಲು 113 ಬೇಕು. 2004ರಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಬಂದವು. ಮೊದಲು ಕಾಂಗ್ರೆಸ್, ಜೆಡಿಎಸ್ ಸೇರಿ ಧರ್ಮಸಿಂಗ್ ಮುಖ್ಯಮಂತ್ರಿಯಾದರು. ಅದು ಮುರಿದು 2006ರ ಫೆಬ್ರುವರಿಯಲ್ಲಿ ಜೆಡಿಎಸ್, ಬಿಜೆಪಿ ಸೇರಿದವು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ. ಇವರದು 20 ತಿಂಗಳು, ಅವರದು 20 ತಿಂಗಳು ಎಂಬ ಮಾತು. ನಿಮಗೆ ನೆನಪಿರುತ್ತದೆ, ಆಗ "ಟ್ವೆಂಟಿ ಟ್ವೆಂಟಿ ಸರ್ಕಾರ" ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಮೊದಲ ಸರದಿ ಮುಗಿಯಿತು. 2007ರ ಅಕ್ಟೋಬರಿನಲ್ಲಿ ಕುರ್ಚಿ ಬಿಟ್ಟುಕೊಡುವ ಹೊತ್ತಿಗೆ ಜೆಡಿಎಸ್ ಹಿಂದೆಗೆಯಿತು. ಬಿಜೆಪಿ ಬೆಂಬಲ ವಾಪಸ್ ಪಡೆಯಿತು. ರಾಷ್ಟ್ರಪತಿ ಆಳ್ವಿಕೆ ಬಂತು. ಆಮೇಲೆ ಇಬ್ಬರೂ ಮತ್ತೆ ಸೇರಿ, ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಒಂದು ವಾರಕ್ಕೆ, ನವೆಂಬರ್ 19ಕ್ಕೆ, ರಾಜೀನಾಮೆ ಕೊಟ್ಟರು.

ಇಲ್ಲಿ ಒಂದು ಸಂಗತಿ ಗಮನಿಸಿ. ನೀವು ಮನೆ ಬಾಡಿಗೆಗೆ ಕೊಟ್ಟಾಗ ಕರಾರುಪತ್ರ ಇರುತ್ತದೆ. ಬಾಡಿಗೆದಾರರು ಅವಧಿ ಮುಗಿದರೂ ಬಿಡದಿದ್ದರೆ ಕೋರ್ಟಿಗೆ ಹೋಗಬಹುದು. ಪಕ್ಷಗಳ ನಡುವಿನ ಕರಾರಿಗೆ ಅಂಥ ಕೋರ್ಟು ಇಲ್ಲ. 20 ತಿಂಗಳಾಯಿತು, ಇಳಿಯಿರಿ ಎಂದು ಹೇಳುವ ಅಧಿಕಾರ ಯಾವ ನ್ಯಾಯಾಧೀಶರಿಗೂ ಇಲ್ಲ. ಶಿಕ್ಷೆ ಕೊಡಬಹುದಾದವರು ಮತದಾರರು ಮಾತ್ರ, ಅದೂ ಮುಂದಿನ ಚುನಾವಣೆಯಲ್ಲಿ. 2008ರಲ್ಲಿ ಬಿಜೆಪಿ ವಚನಭ್ರಷ್ಟತೆಯ ಮಾತನ್ನೇ ಊರೂರಿಗೆ ಒಯ್ದು 110 ಸ್ಥಾನ ಪಡೆಯಿತು. ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು. ಮತದಾರರ ಶಿಕ್ಷೆ ಜೋರಾಗಿಯೇ ಇತ್ತು. ಆದರೆ ಅದು ಬರುವಷ್ಟರಲ್ಲಿ ಒಂದು ಸರ್ಕಾರದ ಅವಧಿಯೇ ಹೋಗಿತ್ತು. ಎದುರಿನವರು ಮಾತು ಉಳಿಸಿಕೊಳ್ಳುತ್ತಾರೆ ಎಂಬ ಭರವಸೆ ಇಲ್ಲದಿದ್ದರೆ ಮೊದಲು ಬಿಟ್ಟುಕೊಡುವವರು ಯಾರು? ಸರದಿಯ ಒಪ್ಪಂದಗಳಲ್ಲಿ ಎರಡನೇ ಸರದಿಯವರು ಯಾವಾಗಲೂ ಅಪಾಯದಲ್ಲೇ ಇರುತ್ತಾರೆ.

ನಮ್ಮ ಮಹಾನಗರ ಪಾಲಿಕೆಯಲ್ಲೂ ಇದೇ ನಡೆಯಿತು. 65 ವಾರ್ಡುಗಳಿಗೆ 2018ರಲ್ಲಿ ಚುನಾವಣೆ ಆದಾಗ ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18 ಗೆದ್ದವು. ಯಾರಿಗೂ ಬಹುಮತವಿಲ್ಲ. ಕಾಂಗ್ರೆಸ್, ಜೆಡಿಎಸ್ ಸೇರಿ ಮೇಯರ್ ಸ್ಥಾನ ಹಂಚಿಕೊಂಡವು. ಮೇಯರ್ ಅವಧಿ ಒಂದೇ ವರ್ಷವಾದ್ದರಿಂದ ಹಂಚಿಕೆಯ ಪರೀಕ್ಷೆ ಪ್ರತಿ ವರ್ಷ ಬರುತ್ತದೆ. 2021ರ ಫೆಬ್ರುವರಿಯಲ್ಲಿ ಕಾಂಗ್ರೆಸ್ಸಿನವರು ನಮ್ಮ ಸರದಿ ಎಂದುಕೊಂಡಿದ್ದರು. ಕೊನೆ ಗಳಿಗೆಯಲ್ಲಿ ಜೆಡಿಎಸ್‌ನವರು ಮೇಯರ್ ಆದರು, ಕಾಂಗ್ರೆಸ್ ಬೆಂಬಲ ಕೊಟ್ಟಿತು. ಅದರಿಂದ ಕಾಂಗ್ರೆಸ್ಸಿನೊಳಗೇ ಜಗಳ ಎದ್ದಿತು. ಆ ಸ್ಥಾನ ತೆರವಾಗಿ ಅದೇ ವರ್ಷ ಆಗಸ್ಟಿನಲ್ಲಿ ಮತ್ತೆ ಚುನಾವಣೆ ಬಂದಾಗ ಜೆಡಿಎಸ್ ಕಾಂಗ್ರೆಸ್ಸಿನ ಕೈ ಹಿಡಿಯಲಿಲ್ಲ. ಬಿಜೆಪಿಯ ಸುನಂದಾ ಪಾಲನೇತ್ರ ಮೇಯರ್ ಆದರು. ಮೈಸೂರಿಗೆ ಬಿಜೆಪಿ ಮೇಯರ್ ಬಂದದ್ದು ಅದೇ ಮೊದಲು.

ನಾಯಕರು ಒಪ್ಪಿದರೆ ಕಾರ್ಯಕರ್ತರು ಒಪ್ಪುವುದಿಲ್ಲವೇ ಎಂದು ಕೇಳಬಹುದು. ನನ್ನ ಪ್ರಕಾರ ಗಂಟು ಇರುವುದು ಇಲ್ಲೇ. ನಮ್ಮ ಪಕ್ಕದ ಚಾಮುಂಡೇಶ್ವರಿ ಕ್ಷೇತ್ರ ನೋಡಿ. 2018ರ ಮೇ ತಿಂಗಳಲ್ಲಿ ಅಲ್ಲಿ ಜೆಡಿಎಸ್‌ನ ಜಿ.ಟಿ. ದೇವೇಗೌಡರು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು 36,042 ಮತಗಳಿಂದ ಸೋಲಿಸಿದರು. ಬೂತ್ ಬೂತಿನಲ್ಲಿ, ಮನೆ ಮನೆಯಲ್ಲಿ ಎರಡೂ ಪಕ್ಷದವರು ಎದುರುಬದುರು ನಿಂತು ಮಾಡಿದ ಚುನಾವಣೆ ಅದು. ಅದೇ ತಿಂಗಳ 23ಕ್ಕೆ ಎರಡೂ ಪಕ್ಷ ಸೇರಿ ಬೆಂಗಳೂರಿನಲ್ಲಿ ಸರ್ಕಾರ ಮಾಡಿದವು. ಕುಮಾರಸ್ವಾಮಿ ಮುಖ್ಯಮಂತ್ರಿ, ಜಿ.ಟಿ. ದೇವೇಗೌಡರು ಸಚಿವರು, ಸಿದ್ದರಾಮಯ್ಯನವರು ಸಮನ್ವಯ ಸಮಿತಿಯ ಅಧ್ಯಕ್ಷರು. ಸಮನ್ವಯ ಸಮಿತಿ ಎಂದರೆ ಮೈತ್ರಿಯ ಪಕ್ಷಗಳು ತಮ್ಮ ತಕರಾರು ಬಗೆಹರಿಸಿಕೊಳ್ಳಲು ಮಾಡಿಕೊಳ್ಳುವ ಕೂಟ.

ಮೇಲೆ ಸಮಿತಿ ಬಂತು. ಹಳ್ಳಿಯಲ್ಲಿ ಏನು ಬಂತು? ಹಳೇ ಮೈಸೂರು ಭಾಗದಲ್ಲಿ ಕಾಂಗ್ರೆಸ್ಸಿನ ಕಾರ್ಯಕರ್ತನಿಗೆ ದಿನದಿನದ ಎದುರಾಳಿ ಹೆಚ್ಚಿನ ಕಡೆ ಜೆಡಿಎಸ್‌ನವನೇ. ಪಂಚಾಯಿತಿ, ಹಾಲಿನ ಡೇರಿ, ಸಹಕಾರ ಸಂಘ, ಎಲ್ಲ ಕಡೆ ಸ್ಪರ್ಧೆ ಇವರಿಬ್ಬರ ನಡುವೆ. ಕೇಸು ಹಾಕಿಸಿಕೊಂಡವರು, ಸಂಬಂಧ ಕಡಿದುಕೊಂಡವರು ಇದ್ದಾರೆ. ಅವರಿಗೆ ಒಂದು ದಿನ ಬೆಳಗಾಗುವುದರೊಳಗೆ ಒಟ್ಟಿಗೆ ಕೆಲಸ ಮಾಡಿ ಎಂದರೆ ಹೇಗೆ? 2019ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಸಿಕ್ಕಿತು. ರಾಜ್ಯದ 28 ಸ್ಥಾನಗಳಲ್ಲಿ ಮೈತ್ರಿಗೆ ಬಂದದ್ದು ಎರಡೇ, ಕಾಂಗ್ರೆಸ್ಸಿಗೆ ಒಂದು, ಜೆಡಿಎಸ್‌ಗೆ ಒಂದು. ರಾಜಿಯ ಲಾಭ ಮೇಲಿನವರಿಗೆ, ಮುಜುಗರ ಕೆಳಗಿನವರಿಗೆ. ಕಾರ್ಯಕರ್ತರ ಈ ಸಂಕಟವನ್ನು ಯಾವ ಸಮನ್ವಯ ಸಮಿತಿಯೂ ಗಂಭೀರವಾಗಿ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಇನ್ನು ಕಾನೂನು. ಒಬ್ಬ ಶಾಸಕರಿಗೆ ಎದುರು ಪಕ್ಷದ ಮಸೂದೆ ಒಳ್ಳೆಯದು ಅನ್ನಿಸಿತು ಎನ್ನಿ. ಅವರು ಅದಕ್ಕೆ ಮತ ಹಾಕಬಹುದೇ? ಪಕ್ಷ ವಿಪ್ ಕೊಟ್ಟಿದ್ದರೆ ಹಾಕುವಂತಿಲ್ಲ. ವಿಪ್ ಎಂದರೆ ಹೀಗೇ ಮತ ಹಾಕಬೇಕು ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಲಿಖಿತ ಆದೇಶ. ಮೀರಿದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವಕ್ಕೇ ಕುತ್ತು. ಇದು 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು. ಪಾಲಿಕೆ ಸದಸ್ಯರಿಗೂ ಇಂಥದೇ ಕಾನೂನು ಉಂಟು. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳಿಗೆಂದು 1987ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಲಾಗಿದೆ.

ಕಾನೂನಿನ ಉದ್ದೇಶ ಒಳ್ಳೆಯದೇ. ಹಣಕ್ಕೂ ಪದವಿಗೂ ಪಕ್ಷ ಬದಲಿಸುವುದನ್ನು ತಡೆಯಬೇಕಿತ್ತು. ಆದರೆ ತಡೆಯಬೇಕಾದದ್ದನ್ನು ಅದು ಪೂರ್ತಿ ತಡೆಯಲಿಲ್ಲ. 2019ರ ಜುಲೈನಲ್ಲಿ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟರು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ 99–105ರಲ್ಲಿ ಬಿತ್ತು. ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ನಮ್ಮ ಜಿಲ್ಲೆಯ ಹುಣಸೂರಿನಲ್ಲಿ ಆಗ ಉಪಚುನಾವಣೆ ನಡೆದದ್ದು ಇದೇ ಕಾರಣಕ್ಕೆ. ಹೀಗೆ ಪಕ್ಷ ಬಿಡಲು ದಾರಿ ಉಳಿಯಿತು, ಪಕ್ಷದಲ್ಲೇ ಇದ್ದು ಒಂದು ವಿಷಯಕ್ಕೆ ಎದುರಿನವರ ಜೊತೆ ಸೇರುವ ದಾರಿ ಮುಚ್ಚಿತು. ಸರ್ಕಾರದ ಅಳಿವು ಉಳಿವಿನ ಮತಕ್ಕೆ ವಿಪ್ ಇರಲಿ, ಉಳಿದದ್ದಕ್ಕೆ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲ ಪಕ್ಷಗಳೂ ಒಂದಾದದ್ದು ಇಲ್ಲವೇ ಇಲ್ಲ ಎಂದಲ್ಲ. 2016ರ ಸೆಪ್ಟೆಂಬರ್ 23ರಂದು ಕಾವೇರಿ ವಿಷಯಕ್ಕೆ ವಿಶೇಷ ಅಧಿವೇಶನ ಕರೆದಾಗ, ನೀರು ಕುಡಿಯಲು ಮಾತ್ರ ಎಂಬ ನಿರ್ಣಯಕ್ಕೆ ಎರಡೂ ಸದನಗಳಲ್ಲಿ ಎಲ್ಲರೂ ಕೈ ಎತ್ತಿದರು. ಎದುರಾಳಿ ರಾಜ್ಯದ ಹೊರಗಿದ್ದರು. ಒಪ್ಪಿದ್ದಕ್ಕೆ ಯಾರೂ ತಮ್ಮ ಮತದಾರರನ್ನು ಕಳೆದುಕೊಳ್ಳುವಂತಿರಲಿಲ್ಲ. ಹೆಸರು ಎಲ್ಲರಿಗೂ ಬಂತು.

ಕಸದ ವಿಷಯದಲ್ಲಿ ಈ ಮೂರೂ ತಿರುಗುಮುರುಗು. ವಿದ್ಯಾರಣ್ಯಪುರಂನ ಹೊರೆ ಇಳಿಯಬೇಕಾದರೆ ಬೇರೆ ಕಡೆ ಘಟಕ ಆಗಬೇಕು. ಕೆಸರೆ, ರಾಯನಕೆರೆ ಹೆಸರು ಬಂದದ್ದು ಹಾಗೆ. ಅಲ್ಲಿನವರೂ ನಮ್ಮ ಹಾಗೇ ಉಸಿರಾಡುವವರು, ಅವರ ಆತಂಕವೂ ನ್ಯಾಯವಾದದ್ದು. ಒಂದು ವಾರ್ಡಿನ ಸದಸ್ಯರು "ನಮ್ಮ ಕಡೆ ಆಗಲಿ" ಎಂದರೆ ಅವರ ವಾರ್ಡಿನ ಸಿಟ್ಟು ನಾಳೆಯೇ ಬಾಗಿಲಿಗೆ ಬರುತ್ತದೆ. ಊರಿಗಾದ ಒಳ್ಳೆಯದಕ್ಕೆ ಮತ ಹಾಕುವವರು ಅವರ ವಾರ್ಡಿನಲ್ಲಿ ಇರುವುದಿಲ್ಲ. ಇಲ್ಲಿ ಸಿದ್ಧಾಂತದ ಜಗಳ ಇಲ್ಲ. ಎಡ ಬಲ ಇಲ್ಲ. ಬಿಟ್ಟುಕೊಡುವವರ ನಷ್ಟವನ್ನು ತುಂಬಿಕೊಡುವವರು ಇಲ್ಲ, ಅಷ್ಟೇ. ಘಟಕ ಒಪ್ಪಿಕೊಳ್ಳುವ ಬಡಾವಣೆಗೆ ರಸ್ತೆ, ಕುಡಿಯುವ ನೀರು, ಆಸ್ಪತ್ರೆ ಮೊದಲು ಬರಲಿ ಎಂದು ಠರಾವಿನಲ್ಲೇ ಬರೆದರೆ ಆ ಸದಸ್ಯರಿಗೆ ತಮ್ಮ ಜನರ ಮುಂದೆ ಹೇಳಲು ಏನಾದರೂ ಇರುತ್ತದೆ.

ರಾಜಿಯಾಗದಿದ್ದರೆ ಖರ್ಚು ಯಾರದು? ನಮ್ಮದೇ. ಉಪಚುನಾವಣೆಯ ಖರ್ಚು ಬೊಕ್ಕಸದಿಂದ ಹೋಗುತ್ತದೆ. ಮೇಯರ್ ಯಾರು ಎಂದು ತೀರ್ಮಾನವಾಗುವವರೆಗೆ ಕಡತ ಕಾಯುತ್ತದೆ. ಪಾಲಿಕೆಯ ಕೌನ್ಸಿಲ್ ಅವಧಿ 2023ರ ನವೆಂಬರಿನಲ್ಲಿ ಮುಗಿದು, ಚುನಾವಣೆ ಆಗದೆ ಆಡಳಿತಾಧಿಕಾರಿ ಬಂದರು. ಆಡಳಿತಾಧಿಕಾರಿ ಇದ್ದಾಗ ರಾಜಿಯ ಪ್ರಶ್ನೆಯೇ ಇಲ್ಲ. ಆದರೆ ನಿಮ್ಮ ಪರ ವಾದಿಸುವವರೂ ಇಲ್ಲ.

ಕೆಲಸದ ರಾಜಿ ಎಲ್ಲಿ ಸಿಗುತ್ತದೆ? ದೊಡ್ಡ ಸಭೆಯಲ್ಲಿ ಕಡಿಮೆ. ಅಲ್ಲಿ ಕ್ಯಾಮೆರಾ ಇರುತ್ತದೆ, ಸಣ್ಣ ಮಾತಿಗೂ ಪಕ್ಷದ ಬಣ್ಣ ಬರುತ್ತದೆ. ಚುನಾಯಿತ ಕೌನ್ಸಿಲ್ ಇದ್ದಾಗ ಪಾಲಿಕೆಯಲ್ಲಿ ನಾಲ್ಕು ಸ್ಥಾಯಿ ಸಮಿತಿಗಳಿರುತ್ತವೆ: ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ. ಕಡಿಮೆ ಜನ, ಎಲ್ಲ ಪಕ್ಷದವರು, ಎದುರಿಗೆ ಕಡತ. ಕಸದ ಮನವಿಯನ್ನು ಮೇಯರ್ ಒಬ್ಬರಿಗೇ ಕೊಡಬೇಡಿ. ಆರೋಗ್ಯ ಸ್ಥಾಯಿ ಸಮಿತಿಯ ಅಧ್ಯಕ್ಷರಿಗೂ ಎದುರು ಪಕ್ಷದ ಸದಸ್ಯರಿಗೂ ಒಂದೇ ಮನವಿಯ ಪ್ರತಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮನವಿಯಲ್ಲಿ ಒಂದೇ ಪಕ್ಷದ ಒಲವಿನವರ ಸಹಿ ಬೇಡ. ಮೂರೂ ಕಡೆಯವರು ಸಹಿ ಹಾಕಿದ್ದರೆ ಯಾವ ಸದಸ್ಯರಿಗೂ "ಅದು ಅವರ ಹೋರಾಟ" ಎಂದು ತಳ್ಳಿಹಾಕಲು ಬರುವುದಿಲ್ಲ. ಕೌನ್ಸಿಲ್ ಇಲ್ಲದಾಗ ಇದೇ ಮನವಿ ಆಯುಕ್ತರಿಗೆ, ಕೃಷ್ಣರಾಜ ಕ್ಷೇತ್ರದ ಶಾಸಕರಿಗೆ ಹೋಗಲಿ.

ಏನು ಒಪ್ಪಿಗೆಯಾಗಿದೆ ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ಆದೀತು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಪ್ರತಿಗೆ ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಸಯ್ಯಾಜಿರಾವ್ ರಸ್ತೆಯ ಪಾಲಿಕೆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಹಾಕಬಹುದು. "ಕಸದ ಬಗ್ಗೆ ಏನು ಮಾಡಿದ್ದೀರಿ" ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಹೀಗೆ ಕೇಳಿ: ವಿದ್ಯಾರಣ್ಯಪುರಂ ಘಟಕದ ಹಳೆಯ ಕಸ ತೆಗೆಯುವ ಕಾಮಗಾರಿಯ ಕಾರ್ಯಾದೇಶದ ಪ್ರತಿ, ಅದಕ್ಕೆ ಒಪ್ಪಿಗೆ ಕೊಟ್ಟ ಸಭೆಯ ನಡಾವಳಿಯ ಪ್ರತಿ, ಇದುವರೆಗೆ ಪಾವತಿಯಾದ ಬಿಲ್ಲುಗಳ ಪ್ರತಿ. ನಡಾವಳಿ ಕೈಗೆ ಬಂದರೆ ಯಾವ ಸದಸ್ಯರು ಯಾವ ವಿಷಯಕ್ಕೆ ಏನು ಹೇಳಿದರು ಎಂದು ಓದಬಹುದು. ಅದನ್ನು ಜೆರಾಕ್ಸ್ ಮಾಡಿಸಿ ಬೀದಿಯವರಿಗೆ ಹಂಚಿ, ಮುಂದಿನ ಸಲ ಮತ ಕೇಳಲು ಬಂದವರ ಮುಂದೂ ಇಡಿ.