ಮಗುವನ್ನು ಯಾರ ಬಳಿ ಬಿಡುವುದು?

ಚಾಮರಾಜನಗರಕ್ಕೆ ವರ್ಗವಾಗಿ ಬಂದ ಶಿಕ್ಷಕ ದಂಪತಿಗಳನ್ನು ಊಹಿಸಿಕೊಳ್ಳಿ. ಒಬ್ಬರ ಶಾಲೆ ಊರಿನಲ್ಲೇ ಇದೆ, ಇನ್ನೊಬ್ಬರದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿದರೆ ಮನೆಗೆ ಮರಳುವಾಗ ಸಂಜೆ ಆರು. ಮನೆಯಲ್ಲಿ ಎರಡು ವರ್ಷದ ಕೂಸು. ಅಜ್ಜಿ ಇರುವುದು ದೂರದ ಊರಿನಲ್ಲಿ. ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರೂ ಇನ್ನೂ ತಿಳಿಯದು. ಮಗುವನ್ನು ಯಾರು ನೋಡಿಕೊಳ್ಳಬೇಕು?

ಮೊದಲು ನೆನಪಾಗುವುದು ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಟಿ. ನರಸೀಪುರ. ಚಾಮರಾಜನಗರ ಆಗ ಅದೇ ಮೈಸೂರು ಜಿಲ್ಲೆಯ ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದರೆ ಅಂಗನವಾಡಿ ಹುಟ್ಟಿದ್ದು ಪೌಷ್ಟಿಕ ಆಹಾರ, ಚುಚ್ಚುಮದ್ದು ಮತ್ತು ಶಾಲಾಪೂರ್ವ ಶಿಕ್ಷಣಕ್ಕಾಗಿ. ಮೂರರಿಂದ ಆರು ವರ್ಷದ ಮಕ್ಕಳು ಅಲ್ಲಿ ಕುಳಿತು ಕಲಿಯುತ್ತಾರೆ. ಮೂರು ತುಂಬದವರಿಗೆ ಸಾಮಾನ್ಯವಾಗಿ ಮನೆಗೆ ಒಯ್ಯುವ ಆಹಾರ ಸಿಗುತ್ತದೆ. ನಮ್ಮ ದಂಪತಿಗಳ ಕಷ್ಟ ಇರುವುದು ಇಲ್ಲಿಯೇ: ಮಗುವಿನ ವಯಸ್ಸೂ ಹೊಂದುವುದಿಲ್ಲ, ಬಸ್ಸಿನ ವೇಳೆಯೂ ಹೊಂದುವುದಿಲ್ಲ.

ಈ ಅಂತರವನ್ನು ತುಂಬಬೇಕಾದದ್ದು ಶಿಶುಪಾಲನಾ ಕೇಂದ್ರ. ದೆಹಲಿಯ ಒಂದು ಪ್ರಸಂಗ ಇಲ್ಲಿ ಹೇಳಬೇಕು. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕಾಗಿ ಕಟ್ಟಡಗಳು ಏಳುತ್ತಿದ್ದ ಜಾಗದಲ್ಲಿ ಕೂಲಿ ಹೆಂಗಸರ ಮಕ್ಕಳು ಮಣ್ಣಿನ ರಾಶಿಯ ಪಕ್ಕದಲ್ಲೇ ಮಲಗಿದ್ದುದನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು. ಅದೇ ಮುಂದೆ 'ಮೊಬೈಲ್ ಕ್ರೆಷಸ್' ಸಂಸ್ಥೆಯಾಯಿತು. ಕೆಲಸದ ಜಾಗಕ್ಕೇ ಕೇಂದ್ರ ಬರಬೇಕು ಎಂಬ ಈ ವಿಚಾರ ಸರಳವಾದದ್ದು, ಆದರೆ ಬಹಳ ದೊಡ್ಡದು.

ಕಾನೂನು ಈ ಮಾತನ್ನು ಮೊದಲೇ ಹೇಳಿತ್ತು. 1948ರ ಕಾರ್ಖಾನೆ ಕಾಯ್ದೆಯಲ್ಲೂ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೂ ಶಿಶುಪಾಲನಾ ಕೊಠಡಿಯ ನಿಯಮವಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವ ಕಡೆ ಈ ಕೊಠಡಿಯನ್ನು ಕಡ್ಡಾಯ ಮಾಡಿತು. ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿಬರಬಹುದೆಂದೂ ಹೇಳಿತು. ಬದನಗುಪ್ಪೆ–ಕೆಲ್ಲಂಬಳ್ಳಿಯಂಥ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗೆ ಇದು ಅನ್ವಯಿಸಬಹುದು. ಆದರೆ ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂವು ಬಿಡಿಸುವ ಹೆಂಗಸಿಗೆ ಯಾವ ಕೊಠಡಿ? ಇಂಥವರನ್ನು ಮುಟ್ಟುವ ಒಂದು ಪ್ರಯತ್ನವಾಗಿ 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಪ್ರಕಟಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ.

ಕೇಂದ್ರವೋ, ಪಕ್ಕದ ಮನೆಯ ಅಜ್ಜಿಯೋ, ಏನೇ ಇರಲಿ, ನೋಡಿಯೇ ಒಪ್ಪಬೇಕು. ಹೇಳದೆ ಒಂದು ಮಧ್ಯಾಹ್ನ ಹೋಗಿ ನೋಡುವುದು ಒಳ್ಳೆಯದು. ಒಬ್ಬ ಆಯಾಳ ಕೈಯಲ್ಲಿ ಎಷ್ಟು ಕೂಸುಗಳು? ನೀರಿನ ತೊಟ್ಟಿಗೆ ಮುಚ್ಚಳವಿದೆಯೇ? ಮಗುವನ್ನು ಕರೆದೊಯ್ಯಲು ಬೇರೆಯವರು ಬಂದರೆ ಏನು ಮಾಡುತ್ತಾರೆ? ಬಣ್ಣದ ಗೋಡೆ, ಇಂಗ್ಲಿಷ್ ಫಲಕಗಳಿಗಿಂತ ಇವು ಮುಖ್ಯ.

ಮೊದಲ ದಿನಗಳಲ್ಲಿ ಮಗು ಅಳುತ್ತದೆ, ಅದು ಹಟವಲ್ಲ. ಸುಮಾರು ಎಂಟು ತಿಂಗಳಿಂದ ಮಗುವಿಗೆ, ಕಣ್ಣಿಗೆ ಕಾಣದ ತಾಯಿ ಎಲ್ಲೋ ಇದ್ದಾಳೆ ಎಂಬುದು ತಿಳಿಯತೊಡಗುತ್ತದೆ. ಯಾವಾಗ ಬರುತ್ತಾಳೆ ಎಂಬುದು ಮಾತ್ರ ತಿಳಿಯದು. ಆದ್ದರಿಂದ ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಬಿಡುತ್ತಾ ಹೋಗಬೇಕು. ಕದ್ದು ಹೊರಡಬಾರದು, ಹೇಳಿಯೇ ಹೊರಡಬೇಕು.

ವಿದ್ಯಾರ್ಥಿ ಮಿತ್ರರೇ, ಈ ವ್ಯವಸ್ಥೆ ಇಲ್ಲದ ಮನೆಯಲ್ಲಿ ಕೆಲಸ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ನಿಮಗೆ ಗೊತ್ತು. ಎಂಟನೆಯ ತರಗತಿಯ ಅಕ್ಕ ವಾರಕ್ಕೆರಡು ದಿನ ಶಾಲೆ ತಪ್ಪಿಸುತ್ತಾಳೆ, ಸುಗ್ಗಿ ಬಂದರೆ ತಿಂಗಳೇ ತಪ್ಪಿಸುತ್ತಾಳೆ. ಹಾಜರಿ ಪುಸ್ತಕದಲ್ಲಿ 'ಗೈರು' ಎಂದಷ್ಟೇ ಇರುತ್ತದೆ. ಅಣ್ಣನನ್ನು ಹೀಗೆ ಮನೆಯಲ್ಲಿ ಉಳಿಸುವುದು ಅಪರೂಪ. ಆರು ವರ್ಷದವರೆಗಿನ ಮಕ್ಕಳ ಆರೈಕೆಗೆ ಸರ್ಕಾರ ಶ್ರಮಿಸಬೇಕೆಂದು ಸಂವಿಧಾನದ 45ನೆಯ ವಿಧಿ 2002ರ ತಿದ್ದುಪಡಿಯ ನಂತರ ಹೇಳುತ್ತದೆ. ಅದು ಕೂಸಿನ ಮಾತಾದರೂ ಅಕ್ಕನ ಓದು ನಿಂತಿರುವುದೂ ಅದರ ಮೇಲೆಯೇ.

ಹೊಸ ಬಡಾವಣೆಗೆ ಬಂದವರು ಮೊದಲ ವಾರವೇ ಹತ್ತಿರದ ಅಂಗನವಾಡಿ ಕಾರ್ಯಕರ್ತೆಯನ್ನು ಕಾಣಬೇಕು. ತನ್ನ ವ್ಯಾಪ್ತಿಯ ಮನೆಗಳ ಸಮೀಕ್ಷೆ ಮಾಡುವವರು ಅವರೇ. ಯಾವ ಬೀದಿಯಲ್ಲಿ ಯಾರು ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ಅವರಲ್ಲಿ ವಿಚಾರಿಸಬಹುದು. ಹೋಗುವಾಗ ಹಳೆಯ ಊರಿನ ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ. ಉಳಿದ ಚುಚ್ಚುಮದ್ದು ಇಲ್ಲಿಯೇ ಮುಂದುವರಿಯುತ್ತದೆ.