ಹಡಗಿನಲ್ಲಿ ಬಂದ ಗೋಧಿ

ಅಕ್ಕಾ, ಸಾಲ ಕೊಟ್ಟ ಸಾಹುಕಾರನಿಗೆ ನಾವು ಎದುರು ಮಾತಾಡ್ತೀವಾ? ಹೆದರ್ತೀವಿ. ನಮ್ಮ ದೇಶಕ್ಕೂ ಒಮ್ಮೆ ಹೀಗೇ ಆಗಿತ್ತು.

1965ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಬರ. ಅಮೆರಿಕದ ಗೋಧಿಯೇ ಗತಿಯಾಯಿತು. ಅಲ್ಲಿನ ಅಧ್ಯಕ್ಷ ಜಾನ್ಸನ್ ವರ್ಷದ ಗೋಧಿ ಒಟ್ಟಿಗೆ ಕೊಡಲಿಲ್ಲ. ಸ್ವಲ್ಪ ಸ್ವಲ್ಪವೇ ಬಿಟ್ಟರು. ನಿಮ್ಮ ಬೇಸಾಯದ ನೀತಿ ಬದಲಿಸಿ ಎಂದರು. ನಮ್ಮ ಸರ್ಕಾರ ಒಪ್ಪಿತು.

ಆಗ ಅಮೆರಿಕ ವಿಯೆಟ್ನಾಂ ದೇಶದ ಮೇಲೆ ಬಾಂಬು ಹಾಕುತ್ತಿತ್ತು. ಅದನ್ನು ನಿಲ್ಲಿಸಿ ಎಂದು 1966ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಹೇಳಿದರು. ಜಾನ್ಸನ್‌ಗೆ ಸಿಟ್ಟು ಬಂತು. ಗೋಧಿ ತಡವಾಯಿತು. ಮನೆಯಲ್ಲಿ ಹಿಟ್ಟಿಲ್ಲ, ಹಡಗು ಯಾವಾಗ ಬರುತ್ತೋ ಗೊತ್ತಿಲ್ಲ!

ಆ ಗೋಧಿ ಎಷ್ಟೋ ಜೀವ ಉಳಿಸಿತು, ನಿಜ. ಆದರೂ ವಿಯೆಟ್ನಾಂ ಬಗ್ಗೆ ನಮ್ಮವರು ಮಾತು ಬದಲಿಸಲಿಲ್ಲ. 1968ರಲ್ಲಿ ಹೊಸ ಬೀಜದ ಗೋಧಿ ಪಂಜಾಬಿನಲ್ಲಿ ತುಂಬಿ ಬೆಳೆಯಿತು. ಆಮೇಲೆ ಹಡಗಿನ ದಾರಿ ಕಾಯುವುದು ಕಡಿಮೆಯಾಯಿತು.