ತೊಟ್ಟಿಮನೆಗೆ ಒಪ್ಪುವ ಅಡುಗೆಮನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ತೊಟ್ಟಿಮನೆಗಳಲ್ಲಿ ಅಡುಗೆಮನೆ ಸಾಮಾನ್ಯವಾಗಿ ಹಿಂಬದಿಗೆ, ಬಚ್ಚಲು ಮತ್ತು ಹಿತ್ತಿಲಿಗೆ ಹತ್ತಿರವಾಗಿ ಇರುತ್ತದೆ. ಮಧ್ಯೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕಂಬಗಳ ಪಡಸಾಲೆ, ಪಡಸಾಲೆಯ ಆಚೆ ಕೋಣೆಗಳು. ಗೋಡೆ ದಪ್ಪ ಮಣ್ಣಿನದು. ಮಾಡು ನಾಡಹೆಂಚಿನದು ಇಲ್ಲವೆ ಮಂಗಳೂರು ಹೆಂಚಿನದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಎರಡನೆಯ ಬಗೆಯ ಹೆಂಚು ಕ್ರಮೇಣ ಘಟ್ಟದ ಮೇಲಿನ ಊರುಗಳಿಗೂ ಬಂತು.

ಇಂಥ ಮನೆಯಲ್ಲಿ ಅಡುಗೆಯ ಕೆಲಸ ಒಂದೇ ಕೋಣೆಯದಾಗಿರಲಿಲ್ಲ. ಬೀಸುಕಲ್ಲು, ಒರಳುಗಳು ಪಡಸಾಲೆಯ ಮೂಲೆಯಲ್ಲಿ, ಭತ್ತ ಕುಟ್ಟುವುದು ಹಿತ್ತಿಲಲ್ಲಿ, ರಾಗಿ ನೆಲದೊಳಗಿನ ಹಗೇವಿನಲ್ಲಿ, ಸೌದೆ ಕೊಟ್ಟಿಗೆಯ ಬದಿಯಲ್ಲಿ, ತೆಂಗಿನಕಾಯಿ ಅಟ್ಟದ ಮೇಲೆ. ಅಡುಗೆಮನೆಯೊಳಗೆ ಉಳಿಯುತ್ತಿದ್ದುದು ಒಲೆ, ಅದರ ಪಕ್ಕದ ಕೊಡಿಯೊಲೆ, ಹಾಲುಮೊಸರಿನ ನೆಲವು, ಗೋಡೆಯ ಗೂಡುಗಳು ಮಾತ್ರ. ಇಂದು ಮಾಡ್ಯುಲರ್ ಎಂದು ಮಾರಾಟವಾಗುವ ಅಡುಗೆಮನೆಯ ಹುಟ್ಟು ಬೇರೆಯೇ. ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸಣ್ಣ ವಸತಿಮನೆಗಳಿಗಾಗಿ, ಒಬ್ಬಳೇ ದುಡಿಯುವ ಕಿರಿದಾದ ಕೋಣೆಯನ್ನು ರೂಪಿಸಿದಳು. ಎಲ್ಲ ಕಪಾಟುಗಳೂ ಕೈಗೆಟುಕುವಂತೆ ಗೋಡೆಗೆ ಅಂಟಿಕೊಂಡಿದ್ದವು. ಜಾಗ ಸಾಲದ ಮನೆಗೆ ಅದು ಜಾಣ ಪರಿಹಾರ. ಜಾಗವಿರುವ ತೊಟ್ಟಿಮನೆಗೆ ಅದನ್ನು ಹಾಗೆಯೇ ತಂದು ಕೂಡಿಸಿದರೆ ಮನೆಯ ಗೋಡೆ, ಮಾಡು, ಊಟದ ಬಗೆ ಮೂರಕ್ಕೂ ಅದು ಹೊಂದುವುದಿಲ್ಲ.

ಮೊದಲು ಗೋಡೆ. ಮಣ್ಣಿನ ಗೋಡೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಟೈಲ್ಸ್ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು, ಕೆಲವು ವರ್ಷಗಳಲ್ಲಿ ಗಾರೆ ಉಬ್ಬಿ ಕಳಚುತ್ತದೆ. ಮಳೆ ಹೆಚ್ಚಿರುವ ಅರಕಲಗೂಡಿನ ಪಡುವಣ ಭಾಗದಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ; ಒಣಸೀಮೆಯಾದ ಚನ್ನರಾಯಪಟ್ಟಣದ ಕಡೆ ನಿಧಾನವಾಗಿ. ಗೋಡೆಗೆ ಸುಣ್ಣದ ಗಾರೆಯೇ ಸರಿ. ನೀರು ಸಿಡಿಯುವ ಕಡೆ ಮಾತ್ರ ಒಂದು ಸಾಲು ಕಡಪಾ ಕಲ್ಲನ್ನು ಗೋಡೆಯಿಂದ ತುಸು ಬಿಟ್ಟು ನಿಲ್ಲಿಸಿದರೆ ಸಾಕು. ತೂಗುವ ಕಪಾಟಿನ ಭಾರವನ್ನು ಮಣ್ಣಿನ ಗೋಡೆಯ ಮೊಳೆ ತಾಳದು. ನೆಲದ ಮೇಲೆ ಕಾಲೂರಿ ನಿಲ್ಲುವ ಮರದ ಬೀರು, ಪಾತ್ರೆಯ ಸ್ಟ್ಯಾಂಡು, ಮೊದಲಿನಿಂದ ಇರುವ ಗೂಡುಗಳು ಇವೇ ಇಲ್ಲಿನ ಶೈಲಿ. ನೀರಿನ ಪೈಪನ್ನು ಗೋಡೆ ಕೊರೆದು ಹುದುಗಿಸದೆ ಹೊರಗೆ ಕಾಣುವಂತೆಯೇ ಎಳೆಯಬೇಕು. ಸೋರಿದರೆ ಕೂಡಲೇ ಗೊತ್ತಾಗುತ್ತದೆ.

ಮಾಡಿನದು ಇನ್ನೊಂದು ಕಥೆ. ಸೌದೆ ಒಲೆಯ ಹೊಗೆ ಹೆಂಚಿನ ಸಂದುಗಳಿಂದ ಹೊರಹೋಗುತ್ತ ತೊಲೆ, ರೀಪು, ಬಿದಿರುಗಳನ್ನು ಕಪ್ಪಾಗಿಸುತ್ತಿತ್ತು, ಹುಳುವನ್ನೂ ದೂರವಿಡುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಕಾವಲು ತಪ್ಪಿತು. ಆದ್ದರಿಂದ ಅಡುಗೆಮನೆ ಬದಲಿಸುವಾಗ ಮೊದಲ ಖರ್ಚು ಮರಕ್ಕೆ ಗೆದ್ದಲಿನ ಔಷಧ ಹೊಡೆಸುವುದಕ್ಕೆ ಆಗಬೇಕು, ಬಣ್ಣಬಣ್ಣದ ಕಪಾಟಿಗಲ್ಲ. ಅಂದಕ್ಕೆಂದು ಕೆಳಗೆ ಪ್ಲಾಸ್ಟರಿನ ಮುಚ್ಚಿಗೆ ಕಟ್ಟಿದರೆ ಗೆದ್ದಲು ಹಿಡಿದದ್ದು ಮಾಡು ಕುಸಿಯುವವರೆಗೂ ಕಾಣದು. ಬಿಸಿಗಾಳಿಗೂ ದಾರಿ ಮುಚ್ಚುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಹಿತ್ತಿಲ ಕಡೆಯ ಗವಾಕ್ಷಿಗೇ ಕೂಡಿಸಬೇಕು. ತೊಟ್ಟಿಯ ಕಡೆಗೆ ತಿರುಗಿಸಿದರೆ ಒಗ್ಗರಣೆಯ ಘಾಟು ಮನೆಯನ್ನೆಲ್ಲ ಸುತ್ತುತ್ತದೆ. ಬೀದಿಯ ಉದ್ದಕ್ಕೂ ಗೋಡೆಗೆ ಗೋಡೆ ಒತ್ತಿಕೊಂಡ ಉದ್ದನೆಯ ಮನೆಗಳಲ್ಲಿ ಪಕ್ಕದ ಕಿಟಕಿಯೇ ಇರುವುದಿಲ್ಲ. ಅಲ್ಲಿ ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದರೆ ಹಗಲು ದೀಪ ಬೇಕಾಗದು.

ಗ್ಯಾಸಿನ ಜಾಗವನ್ನು ಬಹಳ ಎಚ್ಚರದಿಂದ ಗೊತ್ತುಮಾಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ; ಸೋರಿದರೆ ಮೇಲೇರದೆ ತಗ್ಗಿಗೆ ಇಳಿದು ನಿಲ್ಲುತ್ತದೆ. ತೊಟ್ಟಿಮನೆಯಲ್ಲಿ ಹಗೇವು, ಬಚ್ಚಲ ಗುಂಡಿ, ತೊಟ್ಟಿಯ ತೂಬು ಎಲ್ಲವೂ ತಗ್ಗೇ. 14.2 ಕಿಲೋ ಸಿಲಿಂಡರನ್ನು ಇವುಗಳಿಂದ ದೂರದಲ್ಲಿ, ಗಾಳಿಯಾಡುವ ಕಡೆ, ನೆಟ್ಟಗೆ ನಿಲ್ಲಿಸಬೇಕು. ಬಳಕೆಯಲ್ಲಿಲ್ಲದ ಹಗೇವನ್ನು ಮರಳು ತುಂಬಿ ಮುಚ್ಚುವುದು ಕ್ಷೇಮ.

ಕಟ್ಟೆಯ ಎತ್ತರವನ್ನು ಗೊತ್ತುಮಾಡುವುದು ಈ ಸೀಮೆಯಲ್ಲಿ ರಾಗಿಮುದ್ದೆ. ನಿಂತು ಹೆಚ್ಚುವುದಕ್ಕೆ, ಬೇಯಿಸುವುದಕ್ಕೆ 32ರಿಂದ 34 ಅಂಗುಲದ ಕಟ್ಟೆ ಹಿತ. ಆದರೆ ಹಿಟ್ಟು ತಿರುವುವುದಕ್ಕೆ ತೋಳಿನ ಬಲ ಸಾಲದು, ಮೈಭಾರವೂ ಬೀಳಬೇಕು. ಅದಕ್ಕೇ ಪಾತ್ರೆಯನ್ನು ಕೆಳಗಿಳಿಸಿ ಕವೆಗೋಲಿನಿಂದ ಒತ್ತಿ ಹಿಡಿದು ತಿರುವುವ ರೂಢಿ. ಎತ್ತರದ ಕಟ್ಟೆಯ ಮೇಲೆ ನಾಲ್ಕೈದು ಜನರ ಮುದ್ದೆ ತಿರುವಿದರೆ ಹೆಗಲು ನೋಯುತ್ತದೆ, ಗಂಟೂ ಉಳಿಯುತ್ತದೆ. ಗ್ಯಾಸ್ ಒಲೆಯನ್ನೇ ನೆಲಕ್ಕೆ ಇಳಿಸುವಂತಿಲ್ಲ, ಒಲೆ ಸಿಲಿಂಡರಿಗಿಂತ ಮೇಲಿರಬೇಕು. ಕಟ್ಟೆಯ ಪಕ್ಕದಲ್ಲೇ ಒಂದಡಿ ಎತ್ತರದ ಕಲ್ಲಿನ ಜಗಲಿ ಕಟ್ಟಿಸಿ, ಅದರ ಮುಂದೆ ಇಬ್ಬರು ಕೂರುವಷ್ಟು ನೆಲ ಬಿಡುವುದು ಸರಿಯಾದ ದಾರಿ. ಅದೇ ಜಗಲಿ ಈಳಿಗೆಮಣೆಗೂ ಬರುತ್ತದೆ, ಮಜ್ಜಿಗೆ ಕಡೆಯುವುದಕ್ಕೂ ಬರುತ್ತದೆ.

ಹಬ್ಬದ ಅಡುಗೆಗೆ, ಸ್ನಾನದ ನೀರಿಗೆ ಸೌದೆ ಒಲೆ ಬೇಕೆನ್ನುವ ಮನೆಗಳು ಈಗಲೂ ಬಹಳ. ಅವರು ಹಳೆಯ ಒಲೆಯ ಜಾಗದಲ್ಲೇ ಹೊಗೆಕೊಳವೆಯಿರುವ ಅಸ್ತ್ರ ಒಲೆಯನ್ನು ಕಟ್ಟಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಇದನ್ನು ಕರ್ನಾಟಕದ ಹಳ್ಳಿಮನೆಗಳಿಗಾಗಿಯೇ ರೂಪಿಸಿತು. ಕೊಳವೆ ಹೆಂಚನ್ನು ದಾಟುವ ಕಡೆ ಮರಕ್ಕೆ ತಾಗದಂತೆ ತಗಡಿನ ತೋಳು ಹಾಕಿಸಬೇಕು, ಮಸಿಯನ್ನು ಆಗಾಗ ತೆಗೆಸಬೇಕು.

ಹಾಸನ ಪೇಟೆಯ ಹಳೆಯ ಬಂಗಲೆಗಳಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆಯ ಗೋಡೆಗಳು ಸಾಧಾರಣ ಕಪಾಟನ್ನು ಹೊರುತ್ತವೆ. ಮದ್ರಾಸ್ ತಾರಸಿಗೆ ಮಾತ್ರ ನೀರಿನ ತೊಟ್ಟಿಯ ಭಾರ ಹೊರಿಸಬಾರದು. ನೆಲ ಕೆಂಪು ಗಾರೆಯದಾಗಿದ್ದರೆ ಅದನ್ನು ಒಡೆದು ಗ್ರಾನೈಟ್ ಹಾಕಿಸುವುದು ನಷ್ಟವೇ. ಒರೆಸಿದಷ್ಟೂ ಹೊಳಪು ಏರುವ ಆ ನೆಲವನ್ನು ಬಿರುಕಿದ್ದಲ್ಲಿ ಮುಚ್ಚಿ, ಜೇನುಮೇಣ ಬಳಿದರೆ ಮತ್ತೆ ಹೊಸದಾಗುತ್ತದೆ.